ಕರೆದಾಗ ಬಾರದ ಮಾತು: ಬಾಲ್ಡರ್ಸ್ ಗೇಟ್ 2ರ ಸಂಗಡಿಗರು

ಬಾಲ್ಡರ್ಸ್ ಗೇಟ್ 2 ಎಂಬ ಕಂಪ್ಯೂಟರ್ ಗೇಮ್‌ನಲ್ಲಿ ನಿಮ್ಮ ಗುಂಪಿನ ಸಂಗಡಿಗರನ್ನೇ ಕ್ಲಿಕ್ ಮಾಡಿ ಮಾತಾಡಿಸಲು ಹೊರಟರೆ ಏನೂ ನಡೆಯುವುದಿಲ್ಲ. ಅವರನ್ನು ನಡೆಸಬಹುದು, ಹೊಡೆದಾಡಿಸಬಹುದು, ಅವರ ಚೀಲ ತೆಗೆದು ನೋಡಬಹುದು. ಮಾತು ಮಾತ್ರ ಅವರಿಗೆ ಬೇಕೆನಿಸಿದಾಗಲೇ ಶುರುವಾಗಬೇಕು. ಊರಿನ ಬೀದಿಯಲ್ಲಿ ನಡೆಯುತ್ತಿರುವಾಗ ಆಟ ತಟ್ಟನೆ ನಿಲ್ಲುತ್ತದೆ, ಕೆಳಗೆ ಅಕ್ಷರಗಳ ಪೆಟ್ಟಿಗೆ ತೆರೆಯುತ್ತದೆ, ಜಹೀರಾ ಸತ್ತ ಗಂಡನ ಬಗ್ಗೆ ನಾಲ್ಕು ಮಾತಾಡಿ ಸುಮ್ಮನಾಗುತ್ತಾಳೆ. ಇನ್ನಷ್ಟು ಕೇಳೋಣವೆಂದರೆ ದಾರಿಯಿಲ್ಲ. ಮುಂದಿನ ಮಾತು ಇನ್ನೊಂದು ಗಂಟೆ ಆಡಿದ ಮೇಲೆ ಬರಬಹುದು, ಮತ್ತೆ ಅವಳಿಗೆ ಬೇಕಾದಾಗ.

ಈ ಆಟದ ದೊಡ್ಡ ಗುಣ ಇದೇ, ದೊಡ್ಡ ತೊಂದರೆಯೂ ಇದೇ. ಹಳೆಯ ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ ಸಂಗಡಿಗರ ಮಾತುಕತೆ ಹೇಗಿತ್ತು ಎಂದು ತಿಳಿಯಬೇಕೆನ್ನುವವರು ಒಂದೇ ಒಂದು ಗೇಮ್ ಕೊಳ್ಳುವುದಾದರೆ ಇದನ್ನೇ ಕೊಳ್ಳಬೇಕು. ಆದರೆ ಗುಂಪು ಕಟ್ಟುವಾಗ ಸ್ವಲ್ಪ ತಿಳಿದು ಕಟ್ಟದಿದ್ದರೆ, ಬರೆದಿಟ್ಟ ಮಾತಿನಲ್ಲಿ ಅರ್ಧವೂ ನಿಮ್ಮ ಕಿವಿಗೆ ಬೀಳುವುದಿಲ್ಲ. ಈ ವಿಮರ್ಶೆ ಹೆಚ್ಚಾಗಿ ಅದರ ಬಗ್ಗೆಯೇ. ಕಥೆಯ ಮೊದಲ ಗುಹೆಯಲ್ಲಿ ಗೊತ್ತಾಗುವ ಸಂಗತಿಗಳನ್ನು ಬಿಟ್ಟರೆ ದೊಡ್ಡ ತಿರುವುಗಳನ್ನು ಇಲ್ಲಿ ಬಿಚ್ಚಿಟ್ಟಿಲ್ಲ.

ಮೂಲ ಗೇಮ್ ಬಯೋವೇರ್ ಕಂಪನಿ 2000ದಲ್ಲಿ ತಂದದ್ದು, ಅದರ ಮುಂದುವರಿಕೆಯಾದ ಥ್ರೋನ್ ಆಫ್ ಬಾಲ್ 2001ರದ್ದು. ಇಂದು ಅಂಗಡಿಗಳಲ್ಲಿ ಸಿಗುವುದು ಬೀಮ್‌ಡಾಗ್ 2013ರಲ್ಲಿ ಹೊರತಂದ ಎನ್‌ಹ್ಯಾನ್ಸ್ಡ್ ಎಡಿಷನ್. ಎರಡೂ ಭಾಗ ಒಂದೇ ಪ್ಯಾಕಿನಲ್ಲಿ ಬರುತ್ತವೆ. ಹಳೆಯ ಲ್ಯಾಪ್‌ಟಾಪಿನಲ್ಲೂ ಸಲೀಸಾಗಿ ಓಡುತ್ತದೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಡ. ಮೊಬೈಲ್ ಆವೃತ್ತಿಯೂ ಇದೆ. ಆದರೆ ಇದು ಓದುವ ಗೇಮ್. ಸಂಭಾಷಣೆಯಲ್ಲಿ ದನಿ ಇರುವುದು ಕೆಲವು ಸಾಲುಗಳಿಗೆ ಮಾತ್ರ, ಮಿಕ್ಕದ್ದೆಲ್ಲ ಇಂಗ್ಲಿಷ್ ಅಕ್ಷರ. ಆರು ಇಂಚಿನ ಪರದೆಯಲ್ಲಿ ಗಂಟೆಗಟ್ಟಲೆ ಓದಿದರೆ ಕಣ್ಣು ಸೋಲುತ್ತದೆ. ಟ್ಯಾಬ್ಲೆಟ್ ಆದರೆ ಪರವಾಗಿಲ್ಲ, ಕಂಪ್ಯೂಟರ್ ಆದರೆ ಎಲ್ಲಕ್ಕಿಂತ ಮೇಲು. ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರ ಹಿಗ್ಗಿಸುವ ಅವಕಾಶವಿದೆ, ಆಟ ಶುರು ಮಾಡುವ ಮೊದಲೇ ಅದನ್ನು ಸರಿ ಮಾಡಿಕೊಳ್ಳಿ. ಕನ್ನಡದ ಅನುವಾದ ಇಲ್ಲ.

ಈಗ ಗುಂಪಿನ ಲೆಕ್ಕಕ್ಕೆ ಬರೋಣ. ನಾಯಕನೂ ಸೇರಿ ಆರು ಜನ, ಅಂದರೆ ಐವರು ಸಂಗಡಿಗರು. ಐವರ ನಡುವೆ ಎಷ್ಟು ಜೋಡಿ ಆಗುತ್ತದೆ ಎಂದು ಎಣಿಸಿ ನೋಡಿ: ಹತ್ತು. ಇದೇ ಬಯೋವೇರ್ 2003ರಲ್ಲಿ ತಂದ ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್‌ನಲ್ಲಿ ಗುಂಪು ಮೂವರಿಗೆ ಇಳಿಯಿತು. ಇಬ್ಬರು ಸಂಗಡಿಗರು, ಒಂದೇ ಜೋಡಿ. 2009ರ ಡ್ರ್ಯಾಗನ್ ಏಜ್: ಆರಿಜಿನ್ಸ್‌ನಲ್ಲಿ ನಾಲ್ವರು, ಸಂಗಡಿಗರು ಮೂವರು, ಜೋಡಿಯೂ ಮೂರು. ಆ ಗೇಮ್‌ಗಳಲ್ಲಿ ಒಬ್ಬೊಬ್ಬರ ಬರವಣಿಗೆ ಬಹಳ ಚೆನ್ನಾಗಿರಬಹುದು, ಮುಖಭಾವ, ದನಿ ಎಲ್ಲವೂ ಇದೆ. ಆದರೂ ಅಲ್ಲಿನ ಮಾತು ಹೆಚ್ಚಾಗಿ ನಿಮ್ಮ ಮತ್ತು ಅವರ ನಡುವಿನದು. ಬಾಲ್ಡರ್ಸ್ ಗೇಟ್ 2ರಲ್ಲಿ ನಿಮ್ಮನ್ನು ಬದಿಗಿಟ್ಟು ಅವರವರೇ ಆಡಿಕೊಳ್ಳುವ ಮಾತು ತುಂಬಾ. ಕೂಡು ಕುಟುಂಬದ ಮನೆಯಲ್ಲಿ ಕೂತಂತೆ. ಯಾರು ಯಾರನ್ನು ಸಹಿಸುತ್ತಾರೆ, ಯಾರಿಗೆ ಯಾರ ಮೇಲೆ ಕಣ್ಣು, ಯಾರ ಬಾಯಿ ಯಾರು ಮುಚ್ಚಿಸುತ್ತಾರೆ, ಎಲ್ಲ ಕೇಳಿಸುತ್ತಿರುತ್ತದೆ.

1998ರ ಮೊದಲ ಬಾಲ್ಡರ್ಸ್ ಗೇಟ್‌ನಲ್ಲಿ ಸೇರಿಸಿಕೊಳ್ಳಬಹುದಾದವರು 25 ಜನ ಇದ್ದರು. ಸಂಖ್ಯೆ ದೊಡ್ಡದು, ಮಾತು ಚಿಕ್ಕದು. ಸೇರುವಾಗ ಒಂದಿಷ್ಟು ಪರಿಚಯ, ಆಮೇಲೆ ಅಲ್ಲೊಂದು ಇಲ್ಲೊಂದು ಸಾಲು. ಅಲ್ಲಿನ ಒಂದು ಒಳ್ಳೆಯ ಉಪಾಯವೆಂದರೆ ಜೋಡಿಗಳು: ಗಂಡ ಖಾಲಿದ್ ಜೊತೆ ಜಹೀರಾ, ಮಿನ್ಸ್ಕ್ ಜೊತೆ ಅವನು ಕಾಯುವ ಮಾಟಗಾತಿ ಡೈನಾಹೈರ್, ಕ್ಸಾರ್ ಜೊತೆ ಮೊಂಟಾರಾನ್. ಒಬ್ಬರನ್ನು ಕಳಿಸಿದರೆ ಇನ್ನೊಬ್ಬರೂ ಹೊರಡುತ್ತಾರೆ. ಎರಡನೇ ಗೇಮ್ ಶುರುವಾಗುವುದೇ ಆ ಜೋಡಿಗಳನ್ನು ಒಡೆದು. ಮೊದಲ ಗುಹೆಯಲ್ಲೇ ಖಾಲಿದ್‌ನೂ ಡೈನಾಹೈರ್‌ಳೂ ಸತ್ತಿರುವುದು ಗೊತ್ತಾಗುತ್ತದೆ. ಜಹೀರಾ ಮತ್ತು ಮಿನ್ಸ್ಕ್ ಒಂಟಿಯಾಗಿ ನಿಮ್ಮ ಜೊತೆ ಹೊರಬರುತ್ತಾರೆ. ಮುಂದೆ ಸಂತೆಯ ಬಳಿಯ ಸರ್ಕಸ್ ಡೇರೆಯಲ್ಲಿ ರೆಕ್ಕೆ ಕಳೆದುಕೊಂಡ ಏರಿ ಎಂಬ ಹುಡುಗಿ ಸಿಗುತ್ತಾಳೆ. ಅವಳನ್ನು ಸೇರಿಸಿಕೊಂಡರೆ ಮಿನ್ಸ್ಕ್ ಅವಳನ್ನೇ ತಾನು ಕಾಯಬೇಕಾದ ಮಾಟಗಾತಿಯಾಗಿ ಒಪ್ಪಿಕೊಳ್ಳುತ್ತಾನೆ. ಏರಿಯನ್ನು ಬಿಟ್ಟು ನಡೆದರೆ ಈ ಸಂಬಂಧ ಹುಟ್ಟುವುದೇ ಇಲ್ಲ. ಮಿನ್ಸ್ಕ್ ಎಂದರೆ ಬೂ ಎಂಬ ಹ್ಯಾಮ್‌ಸ್ಟರ್ ಇಟ್ಟುಕೊಂಡ ತಮಾಷೆಯ ಆಳು ಎಂದಷ್ಟೇ ಹಲವರು ಹೇಳುತ್ತಾರೆ. ಜಿಮ್ ಕಮಿಂಗ್ಸ್ ಕೊಟ್ಟ ದನಿಯಿಂದ ಆ ಹೆಸರು ಇನ್ನೂ ಹಬ್ಬಿತು. ಆದರೆ ಕಾಯಬೇಕಾದವಳನ್ನು ಕಾಯಲಾಗದೆ ಹೋದ ಮನುಷ್ಯ ಮತ್ತೊಬ್ಬಳನ್ನು ಕಾಯುವ ಹೊಣೆ ಬೇಡಿ ಪಡೆಯುವ ಕಥೆ ಅವನದು. ಆ ಕಥೆ ಕಾಣಬೇಕಾದರೆ ಏರಿ ಗುಂಪಿನಲ್ಲಿರಬೇಕು.

ಗುಂಪು ಕಟ್ಟುವಾಗ ಶಕ್ತಿಗಿಂತ ಸಂಬಂಧ ನೋಡಬೇಕು ಎನ್ನುವುದಕ್ಕೆ ಇದೇ ಕಾರಣ. ಶಕ್ತಿ ನೋಡಿದರೆ ಏರಿಗಿಂತ ಎಡ್ವಿನ್ ಎಷ್ಟೋ ಬಲಶಾಲಿ ಮಾಂತ್ರಿಕ. ಅವನ ಕೊರಳಿನ ತಾಯಿತದಿಂದ ಪ್ರತಿ ಹಂತದಲ್ಲೂ ಹೆಚ್ಚುವರಿ ಮಂತ್ರ ಸಿಗುತ್ತದೆ, ಆರೋಗ್ಯವೂ ಗಟ್ಟಿ. ಏರಿ ಎರಡು ಪೆಟ್ಟಿಗೆ ಬೀಳುತ್ತಾಳೆ. ಆದರೆ ಸಾಮಾನ್ಯ ಕಠಿಣತೆಯಲ್ಲಿ ಈ ಗೇಮ್ ಯಾವ ಗುಂಪಿನಿಂದಲೂ ಮುಗಿಯುತ್ತದೆ. ಶತ್ರುವನ್ನು ಕೊಂದ ಅನುಭವದ ಅಂಕ ಗುಂಪಿನಲ್ಲಿ ಹಂಚಿಹೋಗುವುದರಿಂದ ಕಡಿಮೆ ಜನ ಇದ್ದರೆ ಬೇಗ ಬೆಳೆಯಬಹುದು ಎಂದು ಮೂವರು ನಾಲ್ವರನ್ನೇ ಇಟ್ಟುಕೊಳ್ಳುವವರಿದ್ದಾರೆ. ಮೂಲ ಗೇಮಿನ ಅನುಭವದ ಮಿತಿ 29,50,000 ಅಂಕ, ಮುಂದುವರಿಕೆಯ ಜೊತೆ 80,00,000. ಆರು ಜನರಿಗೂ ಸಾಕಷ್ಟು ಅಂಕ ಸಿಗುತ್ತದೆ. ಜಾಗ ಖಾಲಿ ಬಿಟ್ಟರೆ ಕಳೆದುಕೊಳ್ಳುವುದು ಮಾತನ್ನು.

ಇನ್ನು ಹರಟೆ ಹೇಗೆ ಹುಟ್ಟುತ್ತದೆ ಎಂಬುದು. ಪ್ರತಿಯೊಬ್ಬ ಸಂಗಡಿಗನಿಗೂ ಮೂರು ಬಗೆಯ ಮಾತಿನ ಫೈಲುಗಳಿವೆ. ಗುಂಪಿಗೆ ಸೇರುವ ಬಿಡುವ ಮಾತು ಒಂದರಲ್ಲಿ, ಗುಂಪಿನಲ್ಲಿರುವಾಗ ಕಥೆಯ ನಡುವೆ ಬಾಯಿ ಹಾಕುವ ಮಾತು ಇನ್ನೊಂದರಲ್ಲಿ, ಸಂಗಡಿಗರ ನಡುವಿನ ಹರಟೆ ಮೂರನೆಯದರಲ್ಲಿ. ಈ ಮೂರನೆಯದರ ಹೆಸರು 'ಬಿ' ಅಕ್ಷರದಿಂದ ಶುರುವಾಗುತ್ತದೆ. ಎಂಜಿನ್, ಅಂದರೆ ಗೇಮನ್ನು ಓಡಿಸುವ ಮೂಲ ತಂತ್ರಾಂಶ, ಆಗಾಗ ಒಬ್ಬರನ್ನು ಆರಿಸಿ ಅವರ ಹರಟೆಯ ಫೈಲು ತೆರೆಯುತ್ತದೆ. ಮೇಲಿಂದ ಕೆಳಗೆ ಷರತ್ತುಗಳನ್ನು ನೋಡುತ್ತದೆ: ಎದುರಿನವನು ಗುಂಪಿನಲ್ಲಿದ್ದಾನೆಯೇ, ಹತ್ತಿರದಲ್ಲಿ ಕಣ್ಣಿಗೆ ಬೀಳುತ್ತಾನೆಯೇ, ಮಾತಾಡುವ ಸ್ಥಿತಿಯಲ್ಲಿದ್ದಾನೆಯೇ, ಈ ಹರಟೆ ಹಿಂದೆ ಆಗಿದೆಯೇ. ಎಲ್ಲ ಸರಿಯಿದ್ದರೆ ಮಾತು ಶುರು. ಒಮ್ಮೆ ಆದದ್ದು ಮತ್ತೆ ಬರುವುದಿಲ್ಲ.

ಎಡವಟ್ಟು ಆಗುವುದು ಇಲ್ಲೇ. ಒಬ್ಬ ಸಂಗಡಿಗ ಸತ್ತು ಮಲಗಿದ್ದರೆ, ಮೂರ್ಛೆಯಲ್ಲಿದ್ದರೆ, ಗೊಂದಲದ ಮಂತ್ರ ತಗುಲಿದ್ದರೆ ಷರತ್ತು ತಪ್ಪುತ್ತದೆ. ಕಳ್ಳನನ್ನು ಬೇಹಿಗೆಂದು ಯಾವಾಗಲೂ ಮೂರು ಕೋಣೆ ಮುಂದೆ ಓಡಿಸುತ್ತಿದ್ದರೆ ಅವನ ಹರಟೆ ಅವನಲ್ಲೇ ಉಳಿಯುತ್ತದೆ. ಊರಿಂದ ಊರಿಗೆ ನಕ್ಷೆಯಲ್ಲಿ ಹಾರುತ್ತ, ಇಳಿದ ತಕ್ಷಣ ಕಾಳಗಕ್ಕೆ ಧುಮುಕುತ್ತ ಆಡುವವರಿಗೆ ಎಂಜಿನ್ನಿಗೆ ಬೇಕಾದ ಬಿಡುವೇ ಸಿಗುವುದಿಲ್ಲ. ಮಾತು ಕೇಳಬೇಕೆಂದರೆ ಗುಂಪನ್ನು ಒಟ್ಟಿಗೆ ನಡೆಸಿ, ಗುಹೆ ಖಾಲಿಯಾದ ಮೇಲೆ ಅಲ್ಲಿಂದ ಕಾಲ್ನಡಿಗೆಯಲ್ಲೇ ಹೊರಬನ್ನಿ, ಅಥ್ಕಾಟ್ಲಾ ನಗರದ ಬೀದಿಗಳಲ್ಲಿ ಆತುರವಿಲ್ಲದೆ ತಿರುಗಿ. ಪ್ರೇಮಪ್ರಸಂಗದ ಮಾತುಗಳಿಗೆ ಬೇರೆಯೇ ಗಡಿಯಾರವಿದೆ. ಅದು ಆಟದೊಳಗಿನ ಹಗಲು ರಾತ್ರಿಯ ಲೆಕ್ಕದಲ್ಲಿ ಓಡುವುದಿಲ್ಲ, ನಿಜವಾದ ನಿಮಿಷಗಳಲ್ಲಿ ಓಡುತ್ತದೆ. ಎಂಟು ಗಂಟೆ ನಿದ್ದೆ ಮಾಡಿಸಿದರೆ ಮುಂದಿನ ಮಾತು ಬರುತ್ತದೆ ಎಂದುಕೊಂಡು ಹತ್ತು ಸಲ ಮಲಗಿಸಿದರೂ ಪ್ರಯೋಜನವಿಲ್ಲ. ವಿರಾಮ ಒತ್ತದೆ ಆಟ ಓಡುತ್ತಿರಬೇಕು. ಕೆಲವು ಮಾತುಗಳು ಮಾತ್ರ, ಸಮಯ ಕಳೆದ ಮೇಲೂ, ವಿಶ್ರಾಂತಿಯ ಹೊತ್ತಿಗೇ ಕಾಯುತ್ತವೆ. ಆದ್ದರಿಂದ ಎರಡೂ ಬೇಕು: ಓಡಾಟ, ಆಮೇಲೆ ಒಂದು ರಾತ್ರಿಯ ನಿದ್ದೆ.

ಜಹೀರಾಳ ಪ್ರೇಮಕಥೆ ಎಲ್ಲಕ್ಕಿಂತ ಉದ್ದ, ಸಿಕ್ಕಿಬೀಳುವುದೂ ಅದೇ ಹೆಚ್ಚು. ಅವಳ ಸ್ವಂತ ಶಾಪದ ಪ್ರಸಂಗ, ಹಾರ್ಪರ್ ಸಂಘದ ಪ್ರಸಂಗ, ಪ್ರೇಮದ ಮಾತುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ನಡುವೆ ಅವಳನ್ನು ಗುಂಪಿನಿಂದ ಕಳಿಸಿ ಮತ್ತೆ ಕರೆದರೆ ಸರಪಳಿ ಕಡಿಯುವ ಸಾಧ್ಯತೆ ಜಾಸ್ತಿ. ಒಬ್ಬರ ಪ್ರಸಂಗ ನಡೆಯುತ್ತಿರುವಾಗ ಅವರನ್ನು ಹೊರಗೆ ಕಳಿಸಬೇಡಿ, ಇದು ಎಲ್ಲರಿಗೂ ಅನ್ವಯಿಸುವ ಮಾತು. ಇನ್ನೊಂದು ಸಂಗತಿ: ನಾಯಕನ ಲಿಂಗ ಮತ್ತು ಕುಲ ಎರಡನ್ನೂ ನೋಡಿ ಪ್ರೇಮದ ಬಾಗಿಲು ತೆರೆಯುತ್ತದೆ. ಮೂಲದಲ್ಲಿ ಗಂಡು ನಾಯಕನಿಗೆ ಜಹೀರಾ, ಏರಿ, ವಿಕೋನಿಯಾ ಎಂಬ ಮೂವರಿದ್ದರೆ ಹೆಣ್ಣು ನಾಯಕಿಗೆ ಅನೋಮೆನ್ ಒಬ್ಬನೇ. ಇದು ಅನ್ಯಾಯವೇ ಸರಿ. ಇಬ್ಬರ ಜೊತೆ ಒಟ್ಟಿಗೆ ಸಲಿಗೆ ಬೆಳೆಸಿದರೆ ಒಂದು ದಿನ ಅವರಿಬ್ಬರೂ ಎದುರು ನಿಂತು ಯಾರೆಂದು ಹೇಳು ಎಂದು ಪಟ್ಟು ಹಿಡಿಯುತ್ತಾರೆ. ನೀವು ಏರಿಯ ಹಿಂದೆ ಬೀಳದಿದ್ದರೆ ನಾಟಕದವನಾದ ಹೇರ್‌ಡಾಲಿಸ್ ಅವಳ ಮನಸ್ಸು ಗೆಲ್ಲಬಹುದು. ನಿಮ್ಮನ್ನು ಬಿಟ್ಟು ಇಬ್ಬರು ಸಂಗಡಿಗರ ನಡುವೆ ಪ್ರೀತಿ ಹುಟ್ಟಿಸಿದ ಗೇಮ್‌ಗಳು ಆ ಕಾಲದಲ್ಲಿ ತೀರ ವಿರಳ. ಇಷ್ಟಾದರೂ ಒಂದು ಮಾತು ಹೇಳಲೇಬೇಕು: ಗಂಡ ಸತ್ತು ದಿನಗಳೂ ಕಳೆದಿಲ್ಲದ ಜಹೀರಾಳ ದುಃಖ ಬಹುಬೇಗ ಪ್ರೇಮದ ಕಡೆ ತಿರುಗುವುದು ಬರವಣಿಗೆಯ ದೋಷ. ನಡುವೆ ಎಷ್ಟೇ ಹೊತ್ತು ಓಡಾಡಿದರೂ ಆ ತಿರುವು ಸಹಜ ಅನಿಸುವುದಿಲ್ಲ.

ಮಾತಿನ ಫಲ ಅಂಕಿಗಳಲ್ಲೂ ಕಾಣುವ ಒಂದು ಉದಾಹರಣೆ ಅನೋಮೆನ್. ಸೇರಿದಾಗ ಅವನು ದರ್ಪದ ಮನುಷ್ಯ, ನೈಟ್ ಎಂಬ ಧರ್ಮಯೋಧ ಪದವಿಯ ಪರೀಕ್ಷೆಗೆ ಕಾಯುತ್ತಿರುತ್ತಾನೆ. ತಂಗಿಯ ಕೊಲೆಯ ಸುದ್ದಿ ಬರುತ್ತದೆ, ಸೇಡು ತೀರಿಸಿಕೊಳ್ಳಲೋ ಬೇಡವೋ ಎಂದು ನಿಮ್ಮನ್ನು ಕೇಳುತ್ತಾನೆ. ತಡೆದು ನಿಲ್ಲಿಸಿದರೆ ಪರೀಕ್ಷೆಯಲ್ಲಿ ಗೆಲ್ಲುತ್ತಾನೆ, ಸ್ವಭಾವ ಧರ್ಮಿಷ್ಠರ ಕಡೆಗೆ ತಿರುಗುತ್ತದೆ, ವಿವೇಕದ ಅಂಕ 12ರಿಂದ 16ಕ್ಕೆ ಏರುತ್ತದೆ. ಅವನು ಪೂಜಾರಿ ವರ್ಗದವನಾದ್ದರಿಂದ ಆ ನಾಲ್ಕು ಅಂಕ ಎಂದರೆ ಹೆಚ್ಚುವರಿ ಮಂತ್ರಗಳು. ಸೇಡಿಗೆ ಬಿಟ್ಟರೆ ಪರೀಕ್ಷೆಯಲ್ಲಿ ಸೋತು, ಯಾವ ಕಟ್ಟಳೆಗೂ ಬಗ್ಗದವನಾಗುತ್ತಾನೆ. ಕೆಲ್ಡಾರ್ನ್ ಎಂಬ ಹಿರಿಯ ನೈಟ್ ಕೂಡ ಗುಂಪಿನಲ್ಲಿದ್ದರೆ ಅನೋಮೆನ್‌ನ ಇಡೀ ಪ್ರಸಂಗಕ್ಕೆ ತೂಕ ಬರುತ್ತದೆ. ಒಬ್ಬ ಆಗಬೇಕೆಂದು ಹಂಬಲಿಸುವುದನ್ನು ಇನ್ನೊಬ್ಬ ಆಗಿ ಮುಗಿಸಿದ್ದಾನೆ, ಅದಕ್ಕೆ ಮನೆ, ಹೆಂಡತಿ, ಮಕ್ಕಳ ರೂಪದಲ್ಲಿ ಬೆಲೆಯನ್ನೂ ತೆತ್ತಿದ್ದಾನೆ.

ಕೆಲ್ಡಾರ್ನ್ ದೇವಾಲಯ ಬಡಾವಣೆಯ ಕೆಳಗಿನ ಚರಂಡಿಯಲ್ಲಿ ಸಿಗುತ್ತಾನೆ. ಮಾಂತ್ರಿಕರ ವಿರುದ್ಧ ಅವನಿಗಿಂತ ಒಳ್ಳೆಯ ಆಳು ಈ ಗೇಮಿನಲ್ಲಿಲ್ಲ. ಅವನ ಮಂತ್ರ ಕಳಚುವ ಶಕ್ತಿ ಅವನ ಲೆವೆಲ್ಲಿಗೂ ಮೀರಿದ ಬಲದಲ್ಲಿ ಕೆಲಸ ಮಾಡುತ್ತದೆ. ಒಂದೇ ಎಚ್ಚರ: ಅದು ಆ ಜಾಗದಲ್ಲಿರುವ ನಿಮ್ಮವರ ರಕ್ಷಣಾ ಮಂತ್ರಗಳನ್ನೂ ಕಿತ್ತುಹಾಕುತ್ತದೆ. ನಿಮ್ಮವರು ಶತ್ರುವಿನ ಮೈಮೇಲೆ ಬೀಳುವ ಮೊದಲೇ ಅದನ್ನು ಎಸೆಯಬೇಕು. ಇವನಿಗೂ ಡ್ರೌ ಎಂಬ ಪಾತಾಳವಾಸಿ ಕುಲದ ವಿಕೋನಿಯಾಳಿಗೂ ಎಣ್ಣೆ ಸೀಗೆಕಾಯಿ. ಇಬ್ಬರನ್ನೂ ಇಟ್ಟುಕೊಂಡರೆ ಮೊದಲು ಕುಟುಕು ಮಾತು, ಆಮೇಲೆ ಎಚ್ಚರಿಕೆ, ಕೊನೆಗೆ ಕತ್ತಿ. ಅದನ್ನು ನಿಲ್ಲಿಸಲು ನಿಮ್ಮ ಕೈಯಲ್ಲಿ ಏನೂ ಇಲ್ಲ, ಒಬ್ಬರನ್ನು ಮೊದಲೇ ಕಳಿಸುವುದೊಂದೇ ದಾರಿ. ಹೊಸದಾಗಿ ಆಡುವವರು ಇದನ್ನು ತಪ್ಪೆಂದು ಭಾವಿಸಿ ಸಿಟ್ಟಾಗುತ್ತಾರೆ. ಆದರೆ ತಮ್ಮ ನಂಬಿಕೆಗಾಗಿ ನಿಮ್ಮ ಗುಂಪನ್ನೇ ಒಡೆಯಬಲ್ಲವರು ಎನ್ನುವುದರಿಂದಲೇ ಇವರ ಮಾತಿಗೆ ಬೆಲೆ.

ಇನ್ನು ಕಳ್ಳರ ಕೊರತೆ. ಗುಂಪಿನ ವಿನ್ಯಾಸದಲ್ಲಿ ಅತಿ ದೊಡ್ಡ ದೋಷ ಇದು. ಬಲೆ ಬಿಚ್ಚಲು, ಬೀಗ ತೆಗೆಯಲು ಕಳ್ಳ ಬೇಕೇ ಬೇಕು. ಮೂಲದ ಸಂಗಡಿಗರಲ್ಲಿ ಪೂರ್ತಿ ಕಳ್ಳ ಯೋಶಿಮೋ ಒಬ್ಬನೇ. ಇಮೋಯೆನ್ ಏಳನೇ ಲೆವೆಲ್ಲಿಗೆ ಕಳ್ಳತನ ಬಿಟ್ಟು ಮಾಂತ್ರಿಕಳಾದವಳು. ಆದರೆ ಮೊದಲ ಗುಹೆ ಮುಗಿದ ಕೂಡಲೇ ಅವಳು ಕೈತಪ್ಪುತ್ತಾಳೆ, ಮತ್ತೆ ಸಿಗುವುದು ನಾಲ್ಕನೇ ಅಧ್ಯಾಯದಲ್ಲಿ. ನಾಲಿಯಾ ನಾಲ್ಕನೇ ಲೆವೆಲ್ಲಿಗೇ ಬಿಟ್ಟವಳು, ಕಷ್ಟದ ಬಲೆಗಳ ಮುಂದೆ ಅವಳ ಆಟ ನಡೆಯುವುದಿಲ್ಲ. ಉಳಿದವನು ಕುಳ್ಳ ಕುಲದ ಜಾನ್ ಜಾನ್ಸೆನ್, ಅರ್ಧ ಮಾಂತ್ರಿಕ, ಅರ್ಧ ಕಳ್ಳ. ಯೋಶಿಮೋ ಕೊನೆಯವರೆಗೂ ನಿಮ್ಮ ಜೊತೆ ಇರುವುದಿಲ್ಲ ಎಂದಷ್ಟು ಹೇಳಿದರೆ ಸಾಕು, ಏಕೆ ಎಂಬುದನ್ನು ಆಡಿಯೇ ತಿಳಿಯಬೇಕು. ಹಾಗಾಗಿ ಲೆಕ್ಕ ಸರಳ. ಮೊದಲ ಸಲ ಆಡುವವರು ಯೋಶಿಮೋನನ್ನು ಜೊತೆಗಿಟ್ಟುಕೊಂಡು ನಾಲ್ಕನೇ ಅಧ್ಯಾಯಕ್ಕೆ ಹೋಗಲಿ, ಕಥೆ ಹಾಗೆ ನಡೆದಾಗಲೇ ಅದರ ಪೂರ್ತಿ ಪೆಟ್ಟು ತಗಲುವುದು. ಆಮೇಲೆ ಇಮೋಯೆನ್ ಆ ಕೆಲಸಕ್ಕೆ ಸಾಕಾಗುತ್ತಾಳೆ. ಎರಡನೇ ಸಲ ಆಡುವವರು ಸರ್ಕಾರಿ ಬಡಾವಣೆಗೆ ಹೋಗಿ ಜಾನ್‌ನನ್ನು ಶುರುವಿನಲ್ಲೇ ಸೇರಿಸಿಕೊಳ್ಳಲಿ. ಯಾರು ಏನೇ ಹೇಳಿದರೂ ನೆಂಟರಿಷ್ಟರ, ಟರ್ನಿಪ್ ಗಡ್ಡೆಗಳ ಕಥೆ ಎತ್ತುವ ಈ ಮುದುಕನಂಥವನ ಎದುರು ಗುಂಪಿನ ಗಂಭೀರ ಜನ ತಾಳ್ಮೆ ಕಳೆದುಕೊಳ್ಳುವುದನ್ನು ಕೇಳುವುದೇ ಒಂದು ಸುಖ. ಆ ಹರಟೆಗಾರನ ಮನೆಯ ಪ್ರಸಂಗ ತೆರೆದಾಗ ಅವನ ಕಥೆಗಳ ಹಿಂದೆ ಏನಿತ್ತು ಎಂಬುದೂ ಅರಿವಾಗುತ್ತದೆ.

ಇಮೋಯೆನ್ ಬಗ್ಗೆ ಬೇಸರದ ಒಂದು ಮಾತು. ಕಥೆಯೆಲ್ಲ ಅವಳ ಸುತ್ತ ತಿರುಗುತ್ತದೆ, ಅವಳನ್ನು ಬಿಡಿಸಲೆಂದೇ ನೀವು ಇಷ್ಟೆಲ್ಲ ಮಾಡುವುದು. ಸಿಕ್ಕಿದ ಮೇಲೆ ಅವಳು ಆಡುವ ಮಾತು ಬೆರಳೆಣಿಕೆ. ಮಾತಿಗೆ ಹೆಸರಾದ ಗೇಮಿನಲ್ಲಿ ಇದು ನಿಜವಾದ ಕೊರತೆ.

ಸ್ವಭಾವ ಮತ್ತು ಕೀರ್ತಿಯ ಹಗ್ಗಜಗ್ಗಾಟವೂ ಅಷ್ಟು ಹದವಾಗಿಲ್ಲ. ಗುಂಪಿನ ಕೀರ್ತಿ 1ರಿಂದ 20ರವರೆಗಿನ ಒಂದು ಸಂಖ್ಯೆ. ಕೆಳಗಿಳಿದರೆ ಸಜ್ಜನರು ಗೊಣಗುತ್ತಾರೆ, ಕೊನೆಗೆ ಬಿಟ್ಟು ಹೋಗುತ್ತಾರೆ. 20ರ ಸಮೀಪ ಹೋದರೆ ಎಡ್ವಿನ್, ಕೊರ್ಗಾನ್, ವಿಕೋನಿಯಾ ಮುಂತಾದ ದುಷ್ಟರು ಹೊರಡುತ್ತಾರೆ. ತೊಂದರೆ ಏನೆಂದರೆ ಗೇಮಿನ ಹೆಚ್ಚಿನ ಕೆಲಸಗಳು ಜನರನ್ನು ಕಾಪಾಡುವವೇ, ಮುಗಿಸಿದಷ್ಟೂ ಕೀರ್ತಿ ಏರುತ್ತದೆ. ದುಷ್ಟರ ಗುಂಪು ಕಟ್ಟಿಕೊಂಡು ಹಣಕ್ಕಾಗಿ ದುಡಿದರೂ ನೀವು ಊರಿನ ಕಣ್ಮಣಿಯಾಗಿಬಿಡುತ್ತೀರಿ. ಕೀರ್ತಿ ಇಳಿಸಲು ದಾರಿಹೋಕರನ್ನು ಕೊಲ್ಲುವುದು ಬಿಟ್ಟು ನೆಟ್ಟಗಿನ ಉಪಾಯವಿಲ್ಲ, ಅದು ಕಥೆಗೂ ಹೊಂದುವುದಿಲ್ಲ. ದುಷ್ಟರ ಜೊತೆ ಆಡುವವರು ದೇವಾಲಯಗಳಿಗೆ ಕಾಣಿಕೆ ಹಾಕುವುದನ್ನು ನಿಲ್ಲಿಸಬೇಕು, ಸಂಖ್ಯೆ 15 ದಾಟಿದ ಮೇಲೆ ಮುಂದಿನ ಕೆಲಸ ಒಪ್ಪಿಕೊಳ್ಳುವ ಮೊದಲು ಬಹುಮಾನ ಏನೆಂದು ಯೋಚಿಸಬೇಕು. ಕೀರ್ತಿ ಏರಿದಷ್ಟೂ ಅಂಗಡಿಯಲ್ಲಿ ಬೆಲೆ ಇಳಿಯುತ್ತದೆ ಎಂಬುದು ಸಜ್ಜನರ ಗುಂಪಿಗೆ ಸಿಗುವ ಇನ್ನೊಂದು ಲಾಭ.

ಸಮಯದ ಒತ್ತಡ ಎರಡನೇ ಅಧ್ಯಾಯದಲ್ಲಿ ತಲೆಕೆಡಿಸುತ್ತದೆ. ಇಮೋಯೆನ್ ಇರುವಲ್ಲಿಗೆ ತಲುಪಿಸಲು 20,000 ಚಿನ್ನದ ನಾಣ್ಯ ಕೇಳುತ್ತಾರೆ. ಅದನ್ನು ಕೂಡಿಸಲು ಹೊರಟಾಗ ಪ್ರತಿ ಸಂಗಡಿಗನೂ ತನ್ನ ಕೆಲಸ ಹಿಡಿದುಕೊಂಡೇ ಬರುತ್ತಾನೆ. ನಾಲಿಯಾಗೆ ರಾಕ್ಷಸ ಟ್ರೋಲ್‌ಗಳು ಹಿಡಿದ ತನ್ನ ಕೋಟೆ, ಕೊರ್ಗಾನ್‌ಗೆ ಗೋರಿಯೊಳಗಿನ ಪುಸ್ತಕ, ವ್ಯಾಲಿಗಾರ್‌ಗೆ ಕೊಳೆಗೇರಿಯ ನಡುವೆ ನಿಂತ ಬೇರೆ ಲೋಕದ ಗೋಳ. ತಡ ಮಾಡಿದರೆ ಹಲವರು ಸಿಟ್ಟಿಗೆದ್ದು ಹೊರಡುತ್ತಾರೆ. ಮೂರ್ನಾಲ್ಕು ಜನರನ್ನು ಒಂದೇ ದಿನ ಸೇರಿಸಿಕೊಂಡರೆ ಎಲ್ಲರ ಗಡಿಯಾರ ಒಟ್ಟಿಗೆ ಓಡುತ್ತದೆ, ದುಃಖದ ಒಂದು ಮಾತಿನ ಬೆನ್ನಿಗೇ ಇನ್ನೊಬ್ಬರ ತಮಾಷೆ ಬಂದು ಬೀಳುತ್ತದೆ, ಎರಡೂ ಕೆಡುತ್ತವೆ. ಒಬ್ಬರನ್ನು ಸೇರಿಸಿ, ಅವರ ಕೆಲಸ ಮುಗಿಸಿ, ಆಮೇಲೆ ಇನ್ನೊಬ್ಬರ ಕಡೆ ಹೋಗಿ. ನಾಲಿಯಾಳ ಕೋಟೆಗೆ ಹೋಗುವ ಮೊದಲು ಬೆಂಕಿಯ ಬಾಣ ಅಥವಾ ಆಮ್ಲದ ಬಾಣಗಳನ್ನು ಕೊಂಡಿರಬೇಕು. ನೆಲಕ್ಕೆ ಬಿದ್ದ ಟ್ರೋಲ್ ಬೆಂಕಿ ಅಥವಾ ಆಮ್ಲ ತಾಗದಿದ್ದರೆ ಮತ್ತೆ ಎದ್ದು ಬರುತ್ತದೆ. ನಾಲ್ಕು, ಐದನೇ ಅಧ್ಯಾಯಗಳಲ್ಲಿ ನಗರಕ್ಕೆ ಮರಳುವಂತಿಲ್ಲ. ಆದ್ದರಿಂದ ಸಂಗಡಿಗರ ಸ್ವಂತ ಕೆಲಸಗಳಲ್ಲಿ ಅರ್ಧಕ್ಕೆ ನಿಂತದ್ದು ಯಾವುದೂ ಇಲ್ಲವೆಂದು ಹಡಗು ಹತ್ತುವ ಮೊದಲು ನೋಡಿಕೊಳ್ಳಿ. ಮಾತು ಹೆಚ್ಚಾಗಿ ಈ ಮೊದಲರ್ಧದಲ್ಲೇ ಸುರಿದುಹೋಗುತ್ತದೆ, ಐದನೇ ಅಧ್ಯಾಯದ ಪಾತಾಳದಲ್ಲಿ ಗುಂಪು ಮೌನವಾಗಿರುವುದು ಎದ್ದು ಕಾಣುತ್ತದೆ.

ಇದಕ್ಕೆ ಎದುರಾಗಿ 1999ರ ಪ್ಲೇನ್‌ಸ್ಕೇಪ್: ಟಾರ್ಮೆಂಟ್ ಇದೆ, ಅದೇ ಎಂಜಿನ್ನಿನ ಮೇಲೆ ಬ್ಲ್ಯಾಕ್ ಐಲ್ ಕಟ್ಟಿದ್ದು. ಅಲ್ಲಿ ಸಂಗಡಿಗರು ಏಳು ಜನ ಮಾತ್ರ, ಆದರೆ ಬೇಕಾದಾಗ ಮಾತಾಡಿಸಬಹುದು. ಡಾಕ್‌ಕಾನ್ ಜೊತೆ ಕೂತು ಅವನ ಜನಾಂಗದ ಗ್ರಂಥದ ಸುತ್ತುಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದರೆ ಗುರು ಯಾರು ಶಿಷ್ಯ ಯಾರು ಎಂಬುದೇ ತಲೆಕೆಳಗಾಗುತ್ತದೆ. ಅಲ್ಲಿನ ಬೀಗ ಬೇರೆ: ನಾಯಕನ ವಿವೇಕ, ಬುದ್ಧಿಯ ಅಂಕ ಕಡಿಮೆ ಇದ್ದರೆ ಆ ಮಾತು ತೆರೆಯುವುದೇ ಇಲ್ಲ. ಹೋರಾಟಗಾರನನ್ನು ಕಟ್ಟಿಕೊಂಡವರು ಅರ್ಧ ಗೇಮ್ ಕಳೆದುಕೊಳ್ಳುತ್ತಾರೆ. ಆಳದಲ್ಲಿ ಟಾರ್ಮೆಂಟ್ ಮುಂದು, ಇದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಎಲ್ಲರ ಮಾತೂ ನಾಯಕನ ಕಡೆಗೇ ಹರಿಯುತ್ತದೆ. ಗುಂಪು ಗುಂಪಾಗಿ ಬದುಕುವುದು ಬಾಲ್ಡರ್ಸ್ ಗೇಟ್ 2ರಲ್ಲೇ. 1997ರ ಫಾಲ್‌ಔಟ್ ನೆನೆದರೆ ಈ ದೂರ ಇನ್ನೂ ಗೊತ್ತಾಗುತ್ತದೆ. ಅಲ್ಲಿ ಜೊತೆಗಿದ್ದ ಇಯಾನ್‌ಗೆ ಬೇರೆ ಕವಚ ತೊಡಿಸುವಂತಿರಲಿಲ್ಲ, ಸಾಲಾಗಿ ಗುಂಡು ಹಾರಿಸುವ ಬಂದೂಕು ಕೊಟ್ಟರೆ ನಿಮ್ಮ ಬೆನ್ನಿಗೇ ಹೊಡೆಯುತ್ತಿದ್ದ. ಮೂರು ವರ್ಷದಲ್ಲಿ ಸಂಗಡಿಗ ಎಂಬ ಕಲ್ಪನೆ ಅಲ್ಲಿಂದ ಇಲ್ಲಿಗೆ ಬಂದಿತ್ತು.

ಬೀಮ್‌ಡಾಗ್ ಸೇರಿಸಿದ ನಾಲ್ವರ ಬಗ್ಗೆ: ನೀರಾ ಹುಚ್ಚು ಮಂತ್ರದ ಹುಡುಗಿ, ರಸಾದ್ ಸನ್ಯಾಸಿ, ಡಾರ್ನ್ ಅರ್ಧ ಓರ್ಕ್ ಕುಲದ ದುಷ್ಟ ಯೋಧ, ಹೆಕ್ಸಾಟ್ ಕಳ್ಳಿ. ಒಬ್ಬೊಬ್ಬರಿಗೂ ಸ್ವಂತ ಜಾಗಗಳು, ಉದ್ದನೆಯ ಪ್ರಸಂಗಗಳು ಇವೆ. ದುಷ್ಟರ ಗುಂಪಿಗೆ ಪೂರ್ತಿ ಕಳ್ಳಿ ಸಿಕ್ಕಿದ್ದು, ಹೆಣ್ಣು ನಾಯಕಿಗೆ ಪ್ರೇಮದ ಆಯ್ಕೆ ಹೆಚ್ಚಿದ್ದು ನಿಜವಾದ ಲಾಭ. ಆದರೆ ಹಳಬರ ಜೊತೆ ಇವರು ಬೆರೆಯುವುದು ಕಡಿಮೆ. ತಮ್ಮ ಕಥೆ ತಾವು ಹೇಳಿಕೊಂಡು, ಆಮೇಲೆ ಊಟದೆಲೆಯ ಮೂಲೆಯಲ್ಲಿ ಕೂತ ಅಪರಿಚಿತರಂತೆ ಉಳಿಯುತ್ತಾರೆ. ಮೊದಲ ಆಟಕ್ಕೆ ಐದು ಜಾಗವನ್ನೂ ಹಳಬರಿಗೇ ಕೊಡುವುದು ಒಳ್ಳೆಯದು.

ಹರಟೆ ಹೆಚ್ಚಿಸುವ ಮೋಡ್‌ಗಳು, ಅಂದರೆ ಅಭಿಮಾನಿಗಳು ಮಾಡಿದ ಸೇರ್ಪಡೆಗಳು, ಉಚಿತವಾಗಿ ಸಿಗುತ್ತವೆ. ಪಾಕೆಟ್ ಪ್ಲೇನ್ ಗ್ರೂಪ್‌ನ ಬ್ಯಾಂಟರ್ ಪ್ಯಾಕ್ಸ್ ಹೊಸ ಮಾತುಗಳನ್ನು ಸೇರಿಸುತ್ತದೆ. ಹರಟೆ ಬೇಗ ಬೇಗ ಬರುವಂತೆ ಮಾಡುವ ಭಾಗವೂ ಅದರಲ್ಲಿದೆ, ಬೇಕಾದವರು ಅದೊಂದನ್ನೇ ಆರಿಸಿ ಹಾಕಿಕೊಳ್ಳಬಹುದು. ಮೊದಲ ಗೇಮಿನ ಬಡತನ ನೀಗಿಸಲು ಗಿಬರ್ಲಿಂಗ್ಸ್ ತ್ರೀ ಬಳಗದ ಬಿಜಿ1 ಎನ್‌ಪಿಸಿ ಪ್ರಾಜೆಕ್ಟ್ ಇದೆ. ಇವನ್ನು ಹಾಕುವಾಗ ಪಾಲಿಸಬೇಕಾದ್ದು ಇಷ್ಟು: ಮೋಡ್ ಹಾಕಿದ ಮೇಲೆಯೇ ಹೊಸ ಆಟ ಶುರು ಮಾಡಬೇಕು, ನಡುವೆ ಹಾಕಿದರೆ ಹಳೆಯ ಸೇವ್‌ನಲ್ಲಿ ಸಾಲುಗಳು ಅದಲು ಬದಲಾಗಿ ಒಬ್ಬರ ಬಾಯಲ್ಲಿ ಇನ್ನೊಬ್ಬರ ಮಾತು ಬರುವುದುಂಟು. ಹಾಕುವ ಮೊದಲು ಗೇಮಿನ ಇಡೀ ಫೋಲ್ಡರನ್ನು ಬೇರೆಡೆ ನಕಲು ಮಾಡಿಡಿ. ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ ಕೊಂಡ ಗೇಮ್ ತಾನಾಗಿ ಅಪ್‌ಡೇಟ್ ಆದರೆ ಮೋಡ್‌ಗಳು ಮುರಿಯುತ್ತವೆ. ಜಿಒಜಿ ಎಂಬ ಇನ್ನೊಂದು ಅಂಗಡಿಯಲ್ಲಿ ಆಫ್‌ಲೈನ್ ಇನ್‌ಸ್ಟಾಲರ್ ಸಿಗುವುದರಿಂದ ಮೋಡ್ ಬಳಸುವವರಿಗೆ ಅದೇ ಅನುಕೂಲ.

ಮೋಡ್ ಬೇಡ, ಆದರೆ ಬಾಕಿ ಉಳಿದ ಹರಟೆ ಕೇಳಬೇಕು ಎನ್ನುವವರಿಗೂ ಒಂದು ದಾರಿ ಇದೆ. ಕಂಪ್ಯೂಟರಿನ ಡಾಕ್ಯುಮೆಂಟ್ಸ್ ಒಳಗೆ ಗೇಮಿನ ಫೋಲ್ಡರಿನಲ್ಲಿ ಬಾಲ್ಡರ್ ಡಾಟ್ ಲುವಾ ಎಂಬ ಫೈಲಿದೆ. ಅದರಲ್ಲಿ ಡೀಬಗ್ ಮೋಡ್ ಎಂಬುದರ ಬೆಲೆಯನ್ನು 1 ಮಾಡಿ ಉಳಿಸಿ. ಆಟದೊಳಗೆ ಒಬ್ಬ ಸಂಗಡಿಗನ ಮೇಲೆ ಮೌಸ್ ಇಟ್ಟು ಕಂಟ್ರೋಲ್ ಜೊತೆ ಐ ಒತ್ತಿದರೆ, ಷರತ್ತು ಕೂಡಿಬಂದ ಹರಟೆ ಇದ್ದರೆ ಆಗಲೇ ಶುರುವಾಗುತ್ತದೆ. ಇದನ್ನು ಕೊನೆಯ ಉಪಾಯವಾಗಿ ಇಟ್ಟುಕೊಳ್ಳಿ. ಹತ್ತು ಹರಟೆಯನ್ನು ಒಂದೇ ಕಡೆ ನಿಂತು ಕೇಳಿದರೆ ಓದಿದಂತಾಗುತ್ತದೆ, ಜೊತೆಗೆ ನಡೆದಂತಾಗುವುದಿಲ್ಲ.

ಹೊಸಬರಿಗೆ ನಮ್ಮ ಸಲಹೆಯ ಗುಂಪು: ನಾಯಕ ಯಾವುದಾದರೂ ಯೋಧ ವರ್ಗ, ಜೊತೆಗೆ ಜಹೀರಾ, ಮಿನ್ಸ್ಕ್, ಏರಿ, ಯೋಶಿಮೋ, ಕೆಲ್ಡಾರ್ನ್. ಮುಂದೆ ನಿಲ್ಲಲು ನಾಲ್ವರು, ಹಿಂದೆ ಮಂತ್ರಕ್ಕೆ ಏರಿ, ಬಲೆಗಳಿಗೆ ಯೋಶಿಮೋ. ಗುಹೆಯಿಂದ ಹೊರಬಂದ ಕೂಡಲೇ ಎದುರಿನ ಸರ್ಕಸ್ ಡೇರೆಗೆ ಹೋಗಿ. ಅಲ್ಲಿ ಏರಿಯ ಜೊತೆಗೆ ಆಕರ್ಷಣೆಯ ಅಂಕವನ್ನು 18ಕ್ಕೆ ಏರಿಸುವ ಉಂಗುರವೂ ಸಿಗುತ್ತದೆ. ಅದನ್ನು ನಾಯಕನಿಗೆ ತೊಡಿಸಿ, ಅವನ ಚಿತ್ರವನ್ನು ಸಾಲಿನಲ್ಲಿ ಎಲ್ಲರಿಗಿಂತ ಮೇಲೆ ಇಡಿ. ಅಂಗಡಿಯ ಬೆಲೆ ಮೇಲಿರುವವನ ಮುಖ ನೋಡಿ ನಿರ್ಧಾರವಾಗುತ್ತದೆ. ನಗರದೊಳಗೆ ಮಂತ್ರ ಬಳಸಲು ಸರ್ಕಾರಿ ಬಡಾವಣೆಯಲ್ಲಿ 5,000 ನಾಣ್ಯ ಕೊಟ್ಟು ಪರವಾನಗಿ ಪಡೆಯಬೇಕು. ಅಷ್ಟು ಕೂಡುವವರೆಗೆ ಬೀದಿಯಲ್ಲಿ ಏರಿಯ ಕೈಯಿಂದ ಮಂತ್ರ ಹಾಕಿಸಬೇಡಿ, ಕಾವಲು ಮಾಂತ್ರಿಕರು ಬಂದು ನಿಲ್ಲುತ್ತಾರೆ.